ಹೊಟ್ಟೆಯ ಅರ್ಬುದವೂ ವೃಕ್ಕದ ಮೇಲಣ ಕಿರುಗ್ರಂಥಿಯೂ

ಹೋದ ವರ್ಷದ ಶ್ರಾವಣದಲ್ಲಿ ಕೃಷ್ಣೆಯು ತುಂಬಿ ಹರಿಯುತ್ತಿದ್ದಳು. ಕಲ್ಲೋಳದ ಸೇತುವೆಯು ವಾಡಿಕೆಯಂತೆ ನೀರಿನಲ್ಲಿ ಮುಳುಗಿತ್ತು. ಯಡೂರಿನ ವೀರಭದ್ರದೇವರ ದರ್ಶನವನ್ನು ತೀರಿಸಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ ನಮ್ಮ ಬಳಿಗೆ ಹಳೆಯ ವಿದ್ಯಾರ್ಥಿಯೊಬ್ಬನು ಬಂದು, ಚೀಲದೊಳಗಿಂದ ನಾಲ್ಕಾರು ಕಾಗದಗಳನ್ನು ತೆಗೆದು ನಮ್ಮ ಕೈಯಲ್ಲಿಟ್ಟನು. “ಗುರುಗಳ, ಇದರಾಗ ಏನ ಬರದಾರ ಸ್ವಲ್ಪ ನೋಡ್ರಿ. ದವಾಖಾನ್ಯಾಗ ಹೇಳಿದ್ದು ನನಗ ಪೂರಾ ತಿಳೀಲಿಲ್ಲ” ಎಂದನು. ಕಾಗದಗಳು ಅವನ ತಂದೆಯವಾಗಿದ್ದವು. ಆ ತಂದೆಯವರು ನಮಗೆ ಹೆಚ್ಚು ಕಡಿಮೆ ಸಮವಯಸ್ಕರು. ಹೊಗೆಸೊಪ್ಪು ಬೆಳೆದು, ಆಮೇಲೆ ಕಬ್ಬು ಬೆಳೆದು, ನಾಲ್ಕು ಮಕ್ಕಳನ್ನು ದಡ ಹತ್ತಿಸಿದ ಒಕ್ಕಲುತನದವರು. ಇಂಗ್ಲಿಷಿನಲ್ಲಿದ್ದ ಆ ಬರಹದ ಸಾರವಿಷ್ಟೇ: ಆಮಾಶಯದ ಕೆಳತುದಿಯಲ್ಲಿ ಅರ್ಬುದ, ಅಂದರೆ ಕ್ಯಾನ್ಸರು, ಎಡ ಮೂತ್ರಪಿಂಡದ ಮೇಲಿರುವ ಅಡ್ರೀನಲ್ ಗ್ರಂಥಿಯಲ್ಲಿ ಒಂದು ಗಂಟು, ಅದು ಬಹುಶಃ ಅಲ್ಲಿಂದಲೇ ಹಬ್ಬಿದ್ದು.

ಇಲ್ಲಿ ವಾಚಕರ ಮುಂದೆ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳುವದು ಅವಶ್ಯ. ಅದೇ ವರ್ಷದ ಉಗಾದಿಯ ಹೊತ್ತಿಗೆ ಆ ಗೃಹಸ್ಥರು ನಮ್ಮ ಮನೆಗೆ ಬಂದಾಗ, ಎರಡು ತುತ್ತು ಉಂಡೊಡನೆ ಹೊಟ್ಟೆ ತುಂಬಿದಂತಾಗುವದೆಂದೂ, ಹುಳಿತೇಗು ಬರುವದೆಂದೂ ಹೇಳಿದ್ದರು. ನಾವು ಸಂಸ್ಕೃತವನ್ನೋದಿದ ಗರ್ವದಿಂದ ಹಿಂಗ್ವಾಷ್ಟಕ ಚೂರ್ಣವನ್ನು ತುಪ್ಪದಲ್ಲಿ ಕಲಸಿ ಮೊದಲ ತುತ್ತಿನೊಡನೆ ತೆಗೆದುಕೊಳ್ಳಿರೆಂದು ಹೇಳಿ ಕಳಿಸಿದೆವು. ಅವರಂಗಿಯು ಹೆಗಲಿನಲ್ಲಿ ಸಡಿಲಾದದ್ದನ್ನು ಕಂಡಿದ್ದೆವು, ಕಂಡೂ ವಿಚಾರಿಸಲಿಲ್ಲ. ಚೂರ್ಣವು ತನ್ನ ಕೆಲಸವನ್ನು ಮಾಡತಕ್ಕ ಜಾಗದಲ್ಲಿ ಒಳ್ಳೆಯದೇ. ಆದರೆ ಐವತ್ತು ದಾಟಿದವರಿಗೆ ಹೊಸದಾಗಿ ಬಂದ ಅಜೀರ್ಣವು ಮೂರು ನಾಲ್ಕು ವಾರಗಳಲ್ಲಿ ಹೋಗದಿದ್ದರೆ, ತೂಕವಿಳಿದರೆ, ಮಲವು ಡಾಂಬರಿನಂತೆ ಕಪ್ಪಾದರೆ, ಮೈಯಲ್ಲಿ ರಕ್ತ ಕಡಿಮೆಯಾಗಿ ಮುಖ ಬಿಳಿಚಿದರೆ, ಗಂಟಲಿನಿಂದ ದುರ್ಬೀನುನಳಿಗೆಯನ್ನಿಳಿಸಿ ಒಳಗೆ ನೋಡುವ ಪರೀಕ್ಷೆಯನ್ನು, ಎಂಡೋಸ್ಕೋಪಿಯನ್ನು, ಮಾಡಿಸದೆ ಬಿಡಬಾರದು. ಅದು ಕೆಲವು ನಿಮಿಷಗಳ ಕೆಲಸ. ಆ ಮಾತನ್ನು ನಾವು ಉಗಾದಿಯಂದು ಹೇಳಿದ್ದರೆ ನಾಲ್ಕು ತಿಂಗಳು ಉಳಿಯುತ್ತಿದ್ದವು. ಆಗ ಗಂಟು ಹಬ್ಬಿರುತ್ತಿರಲಿಲ್ಲವೆ ಎಂಬುದಕ್ಕೆ ಉತ್ತರವನ್ನು ಯಾರೂ ಕೊಡಲಾರರು. ಆದರೂ ಆ ಪ್ರಶ್ನೆಯು ನಮ್ಮನ್ನು ಬಿಟ್ಟಿಲ್ಲ.

ಅಂದಿನಿಂದ ಈ ವಿಷಯವನ್ನು ಓದುವದೂ, ಬಲ್ಲ ಡಾಕ್ಟರರನ್ನು ಕೇಳುವದೂ ನಮಗೊಂದು ಋಣದಂತಾಯಿತು. ತಿಳಿದದ್ದನ್ನು ಮನೆಮನೆಯ ಓದಿಗಾಗಿ ಇಲ್ಲಿ ಬರೆಯುತ್ತೇವೆ. ನಾವು ವೈದ್ಯರಲ್ಲವೆಂಬುದನ್ನು ವಾಚಕರು ಮರೆಯಬಾರದು.

ಮೊದಲು ಆ ಕಿರುಗ್ರಂಥಿಯ ಮಾತು. ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಿಟ್ಟಂತೆ ಒಂದೊಂದು ಗ್ರಂಥಿಯಿರುವದು. ಬಲಗಡೆಯದು ತ್ರಿಕೋಣ, ಎಡಗಡೆಯದು ಅರ್ಧಚಂದ್ರ. ತೂಕ ಒಂದೊಂದಕ್ಕೆ ನಾಲ್ಕೈದು ಗ್ರಾಮು ಮಾತ್ರ. ಇಟಲಿಯ ಯೂಸ್ಟೇಕಿಯಸನು ೧೬ನೆಯ ಶತಮಾನದಲ್ಲಿಯೇ ಇವನ್ನು ವರ್ಣಿಸಿದ್ದರೂ, ಇವು ಏತಕ್ಕಿವೆಯೆಂಬುದು ಮುನ್ನೂರು ವರ್ಷ ಯಾರಿಗೂ ತಿಳಿಯಲಿಲ್ಲ. ೧೮೫೫ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ಎಂಬ ವೈದ್ಯನು, ಈ ಗ್ರಂಥಿಗಳು ಕೆಟ್ಟವರು ಬಲಗುಂದಿ, ಮೈಬಣ್ಣ ಕಂದಿ ಸಾಯುವರೆಂದು ತೋರಿಸಿದನು. ಅವನು ಕಂಡ ರೋಗಿಗಳೊಳಗೆ ಹೆಚ್ಚಿನವರ ಗ್ರಂಥಿಗಳನ್ನು ಕ್ಷಯವು ತಿಂದಿತ್ತು. ಕೆಲವರಲ್ಲಿ ಬೇರೆಡೆಯಿಂದ ಹಬ್ಬಿ ಬಂದ ಅರ್ಬುದವೇ ಇತ್ತು. ಹೀಗೆ ನಮ್ಮ ವಿಷಯವು ಈ ಗ್ರಂಥಿಯ ಚರಿತ್ರೆಯ ಮೊದಲ ಪುಟದಲ್ಲಿಯೇ ಇರುವದು. ಹೆದರಿದಾಗ ಎದೆ ಬಡಿದುಕೊಳ್ಳುವಂತೆ ಮಾಡುವ ಅಡ್ರಿನಲಿನ್ ರಸವೂ, ಜ್ವರ ಗಾಯಗಳಂಥ ಕಷ್ಟವನ್ನು ತಡೆಯುವ ಶಕ್ತಿಯನ್ನು ಮೈಗೆ ಕೊಡುವ ಕಾರ್ಟಿಸೋಲ್ ರಸವೂ ಇಲ್ಲಿಯೇ ಹುಟ್ಟುವವು. ಇವುಗಳಲ್ಲಿ ಒಂದು ಗ್ರಂಥಿ ಹೋದರೂ ಮತ್ತೊಂದು ಸಂಸಾರವನ್ನು ನಡಿಸಬಲ್ಲದು. ಎರಡೂ ಹೋದರೆ ಬದುಕಿರುವತನಕ ಪ್ರತಿನಿತ್ಯ ಗುಳಿಗೆ ನುಂಗಬೇಕು. ಒಂದೆರಡು ದಿನ ತಪ್ಪಿದರೂ ಪ್ರಾಣಕ್ಕೆ ಅಪಾಯ.

ಇಷ್ಟು ಸಣ್ಣ ಅವಯವಕ್ಕೆ ಅರ್ಬುದವು ಹೋಗಿ ಸೇರುವದೇಕೆ? ಮೂರು ಮೂಲಗಳಿಂದ ರಕ್ತವು ಇದಕ್ಕೆ ಬಂದು ಬೀಳುವದು. ತನ್ನ ಗಾತ್ರಕ್ಕೆ ಮೀರಿದ ರಕ್ತವನ್ನು ಕುಡಿಯುವ ಅಂಗವಿದು. ರಕ್ತದಲ್ಲಿ ತೇಲಿ ಬಂದ ದುಷ್ಟಬೀಜಕ್ಕೆ ಇದು ಹದವಾದ ಹೊಲ. ಆದರೂ ಜಠರದ ಅರ್ಬುದವು ಸಾಮಾನ್ಯವಾಗಿ ಮೊದಲು ಹಬ್ಬುವದು ಹತ್ತಿರದ ರಸಗ್ರಂಥಿಗಳಿಗೆ, ಯಕೃತ್ತಿಗೆ, ಹೊಟ್ಟೆಯ ಒಳಪೊರೆಗೆ. ಅವೆಲ್ಲವನ್ನು ಬಿಟ್ಟು ಅಡ್ರೀನಲ್ ಒಂದಕ್ಕೇ ಹಬ್ಬುವದು ಅಪರೂಪ. ಎಡಗಡೆಯ ಗ್ರಂಥಿಯಂತೂ ಜಠರದ ಬೆನ್ನ ಹಿಂದೆಯೇ ಇರುವದು.

ಸುಶ್ರುತನನ್ನು ಓದಿದವರಿಗೆ ಇಲ್ಲೊಂದು ಸಂಗತಿಯು ಸೋಜಿಗವನ್ನುಂಟುಮಾಡುವದು. ಮೊದಲೊಂದು ಅರ್ಬುದವಿದ್ದಲ್ಲಿ ಮತ್ತೊಂದು ಹುಟ್ಟಿದರೆ ಅದಕ್ಕೆ ಅಧ್ಯರ್ಬುದವೆಂದೂ, ಎರಡು ಒಟ್ಟಿಗೆ ಅಥವಾ ಒಂದರ ಬಳಿಕ ಒಂದು ಹುಟ್ಟಿದರೆ ದ್ವಿರರ್ಬುದವೆಂದೂ ಅವನು ನಿದಾನಸ್ಥಾನದಲ್ಲಿ ಹೆಸರಿಟ್ಟು, ಇಂಥದು ಅಸಾಧ್ಯವೆಂದು ಹೇಳಿರುವನು. ಚಿಕಿತ್ಸಾಸ್ಥಾನದಲ್ಲಿ ಅರ್ಬುದವನ್ನು ಸ್ವಲ್ಪವೂ ಉಳಿಸದಂತೆ ತೆಗೆಯಬೇಕು, ಶೇಷವುಳಿದರೆ ಬೇಗನೆ ಮತ್ತೆ ಬೆಳೆಯುವದೆಂದು ಎಚ್ಚರಿಸಿರುವನು. ಕೆಲವರು ಇಂಥ ವಾಕ್ಯಗಳನ್ನು ಹಿಡಿದುಕೊಂಡು, ಇಂದಿನ ಶಸ್ತ್ರವೈದ್ಯವೆಲ್ಲವೂ ನಮ್ಮ ಹಿರಿಯರಿಗೆ ತಿಳಿದಿತ್ತೆಂದು ಕುಣಿದಾಡುವದನ್ನು ನಾವು ಕಂಡಿದ್ದೇವೆ. ಅದು ಸರಿಯಲ್ಲ. ಹೊಟ್ಟೆಯನ್ನು ಸೀಳಿ ಕರುಳಿನ ತೂತಿಗೆ ಕರಿಯಿರುವೆಗಳಿಂದ ಕಚ್ಚಿಸಿ ಹೊಲಿಗೆ ಹಾಕುವ ಕ್ರಮವನ್ನು ಸುಶ್ರುತನು ಬರೆದಿರುವದು ನಿಜ. ಆದರೆ ಮೂತ್ರಪಿಂಡದ ಮೇಲಣ ಈ ಗ್ರಂಥಿಯ ಸುದ್ದಿಯೇ ಅವನಲ್ಲಿಲ್ಲ. ಎರಡನೆಯ ಗಂಟು ಬಂದೊಡನೆ ರೋಗದ ಜಾತಿಯೇ ಬದಲಾಯಿತೆಂದು ಕಂಡುಕೊಂಡನಲ್ಲ, ಅದು ಅವನ ಹಿರಿಮೆ. ಇಂದಿನವರೂ ಹಬ್ಬಿದ ಅರ್ಬುದಕ್ಕೆ ನಾಲ್ಕನೆಯ ಹಂತವೆಂದು ಬೇರೆ ಮೆಟ್ಟಿಲನ್ನೇ ಕಟ್ಟಿರುವರು.

ಜಠರವನ್ನು ಕತ್ತರಿಸಿ ತೆಗೆದೂ ಮನುಷ್ಯನು ಬದುಕಬಹುದೆಂಬುದು ಲೋಕಕ್ಕೆ ತಿಳಿದು ಇನ್ನೂ ನೂರೈವತ್ತು ವರ್ಷಗಳಾಗಿಲ್ಲ. ೧೮೭೯ರಲ್ಲಿ ಪ್ಯಾರಿಸಿನ ಪೇಯಾನನೂ, ೧೮೮೦ರಲ್ಲಿ ಪೋಲಿಷ್ ಶಸ್ತ್ರವೈದ್ಯ ರಿಡಿಗಿಯರನೂ ಪ್ರಯತ್ನಿಸಿದರು. ಇಬ್ಬರ ರೋಗಿಗಳೂ ಕೆಲವು ದಿನಗಳೊಳಗಾಗಿ ತೀರಿಕೊಂಡರು. ೧೮೮೧ನೆಯ ಇಸವಿಯ ಜನೇವರಿ ೨೯ರಂದು ವಿಯೆನ್ನಾ ಪಟ್ಟಣದಲ್ಲಿ ಥಿಯೋಡೋರ್ ಬಿಲ್ರೋಥ್ ಎಂಬ ಪಂಡಿತನು ಥೆರೇಸಾ ಹೆಲ್ಲರ್ ಎಂಬ ೪೩ ವಯಸ್ಸಿನ ಹೆಣ್ಣುಮಗಳ ಜಠರದ ಕೆಳತುದಿಯ ಅರ್ಬುದವನ್ನು ತೆಗೆದು, ಉಳಿದ ಜಠರವನ್ನು ಕರುಳಿಗೆ ಹೊಲಿದನು. ಆಕೆಯು ಚೇತರಿಸಿಕೊಂಡಳು, ಅನ್ನ ತಿಂದಳು, ಮನೆಗೆ ಹೋದಳು. ಸುಮಾರು ನಾಲ್ಕು ತಿಂಗಳ ಮೇಲೆ ಹಬ್ಬಿದ ರೋಗದಿಂದಲೇ ತೀರಿಕೊಂಡಳು. ಬಿಲ್ರೋಥನು ಸಂಗೀತಗಾರ ಬ್ರಾಮ್ಸನ ಆಪ್ತಮಿತ್ರನು, ಸ್ವತಃ ಪಿಟೀಲು ಬಾರಿಸುತ್ತಿದ್ದವನು. ತಂಬೂರಿಯ ಊರಾದ ಮಿರಜದ ಪಕ್ಕದಲ್ಲಿರುವ ನಮಗೆ ಇದು ಹಿಡಿಸಿತೆಂದು ಸುಮ್ಮನೆ ಬರೆದೆವು. ಆ ಶಸ್ತ್ರಕ್ರಿಯೆಯು ಗೆದ್ದಿತೋ ಸೋತಿತೋ? ಕೈಚಳಕವು ಗೆದ್ದಿತು, ರೋಗವೂ ಗೆದ್ದಿತು. ಇಂದಿಗೂ ಹಬ್ಬಿದ ಅರ್ಬುದದ ಮುಂದೆ ನಿಂತ ಶಸ್ತ್ರವೈದ್ಯನ ಎದುರಿಗೆ ಥೆರೇಸಾ ಹೆಲ್ಲರಳ ನಾಲ್ಕು ತಿಂಗಳು ಇದ್ದೇ ಇರುವವು.

ಅದೇ ಮಿರಜದಲ್ಲಿ ೧೮೯೪ರಲ್ಲಿ ಡಾಕ್ಟರ್ ವಾನ್ಲೆಸ್ಸರು ದವಾಖಾನೆಯನ್ನು ತೆರೆದರು. ಕೃಷ್ಣಾತೀರದ ಹಳ್ಳಿಗಳವರು ಬಂಡಿ ಕಟ್ಟಿಕೊಂಡು ಅಲ್ಲಿಗೆ ಹೋದ ಕಥೆಗಳನ್ನು ನಾವು ಹಿರಿಯರಿಂದ ಕೇಳಿದ್ದೇವೆ. ಅರ್ಬುದಕ್ಕೆಂದೇ ಮುಂಬಯಿಯಲ್ಲಿ ೧೯೪೧ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯೂ, ಬೆಂಗಳೂರಿನಲ್ಲಿ ೧೯೭೩ರಲ್ಲಿ ಕಿದ್ವಾಯಿ ಸಂಸ್ಥೆಯೂ ಆದವು. ಈಗ ಬೆಳಗಾವಿ, ಹುಬ್ಬಳ್ಳಿ, ಮಿರಜಗಳಲ್ಲಿಯೇ ಈ ಚಿಕಿತ್ಸೆಯ ಬಹುಭಾಗವು ದೊರೆಯುವದು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ೨೦೧೮ರಲ್ಲಿ ಬಂದ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಆಶ್ರಯವುಂಟು. ಹೊಲ ಮಾರುವ ಮೊದಲು ದವಾಖಾನೆಯಲ್ಲಿ ಆ ಯೋಜನೆಯ ಮೇಜು ಎಲ್ಲಿದೆಯೆಂದು ಕೇಳತಕ್ಕದ್ದು.

ಇನ್ನು ನಮ್ಮ ಗೃಹಸ್ಥರ ವಿಷಯ. ಮಗನು ನಮ್ಮಲ್ಲಿ ಬೇಡಿದ್ದು ಎರಡು. ಒಂದು ಕಾಗದದ ಅರ್ಥ, ಎರಡನೆಯದು, “ಅಪ್ಪಾಗ ಹೇಳಬ್ಯಾಡ್ರಿ. ಹೊಟ್ಟ್ಯಾಗ ಹುಣ್ಣ ಐತಿ ಅಂತ ಹೇಳ್ರಿ. ನಿಮ್ಮ ಮಾತ ನಂಬ್ತಾರ” ಎಂಬುದು. ನಾವು ಹಾಗೆಯೇ ಹೇಳಿದೆವು. ಚೂರ್ಣದ ತಪ್ಪಿನ ಮೇಲೆ ಇದು ಎರಡನೆಯದು.

ಬೆಳಗಾವಿಯ ಡಾಕ್ಟರರು ಮೊದಲು ಮಾಡಿದ್ದು, ಅಡ್ರೀನಲ್ ಗ್ರಂಥಿಯ ಗಂಟು ನಿಜವಾಗಿ ಹಬ್ಬಿದ ಅರ್ಬುದವೇ ಎಂಬ ವಿಚಾರ. ಇದು ಮಹತ್ವದ ಮಾತು. ವಯಸ್ಸಾದವರಲ್ಲಿ ನೂರಕ್ಕೆ ಕೆಲವರ ಅಡ್ರೀನಲ್ಲಿನಲ್ಲಿ ನಿರಪಾಯವಾದ ಗಂಟು ಇದ್ದೇ ಇರುವದು. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಅಕಸ್ಮಾತ್ತಾಗಿ ಕಾಣುವದು. ಅದನ್ನೇ ಹಬ್ಬಿದ್ದೆಂದು ತಿಳಿದರೆ ಗುಣವಾಗತಕ್ಕ ರೋಗಿಯನ್ನು ಅಸಾಧ್ಯನೆಂದು ಕೈಬಿಟ್ಟಂತಾಗುವದು. ಸೂಜಿ ಚುಚ್ಚಿ ತುಣುಕು ತೆಗೆದು ನೋಡೋಣವೆಂದರೆ, ಅಡ್ರಿನಲಿನ್ ಸುರಿಸುವ ಒಂದು ಜಾತಿಯ ಗಂಟೂ ಉಂಟು. ಅದಕ್ಕೆ ಸೂಜಿ ತಗುಲಿದರೆ ರಕ್ತದ ಒತ್ತಡವು ಒಮ್ಮೆಲೆ ಏರಿ ಪ್ರಾಣವೇ ಹೋಗಬಹುದು. ಆದಕಾರಣ ಮೊದಲು ರಕ್ತ ಮೂತ್ರಗಳ ಪರೀಕ್ಷೆ, ಆಮೇಲೆ ಪೆಟ್ ಸ್ಕ್ಯಾನು, ಸಂಶಯವುಳಿದರೆ ಮಾತ್ರ ಸೂಜಿ. ಇವರ ಗಂಟು ಪೆಟ್ ಸ್ಕ್ಯಾನಿನಲ್ಲಿ ಜಠರದ ಗಂಟಿನಂತೆಯೇ ಉರಿದು ಕಂಡಿತು. ಅನಂತರ ಹೊಟ್ಟೆಗೆ ಸಣ್ಣ ರಂಧ್ರಗಳನ್ನು ಮಾಡಿ ದುರ್ಬೀನು ಹಾಕಿ ಒಳಪೊರೆಯನ್ನೆಲ್ಲ ನೋಡಿದರು. ಯಾತಕ್ಕಂದರೆ ಪೊರೆಯ ಮೇಲೆ ಸಾಸಿವೆಯಂಥ ಕಾಳುಗಳು ಚೆಲ್ಲಿದ್ದರೆ ಸ್ಕ್ಯಾನಿಗೆ ಅವು ಕಾಣವು. ಇದ್ದರೆ ದೊಡ್ಡ ಶಸ್ತ್ರಕ್ರಿಯೆಯ ಮಾತನ್ನೇ ಎತ್ತಬಾರದು. ಇವರಲ್ಲಿ ಇರಲಿಲ್ಲ.

ಹಾಗಾದರೆ ಕೂಡಲೆ ಕತ್ತರಿಸಬಾರದೆ ಎಂದು ಮಗನು ಅವಸರಪಟ್ಟನು. ನಾವೂ ಹಾಗೆಯೇ ಎಣಿಸಿದ್ದೆವು. ಆದರೆ ಲೋಕದ ಅನುಭವವು ಬೇರೆಯಾಗಿರುವದು. ಹಬ್ಬಿದ ಜಠರಾರ್ಬುದಕ್ಕೆ ಮುಖ್ಯ ಚಿಕಿತ್ಸೆಯು ಔಷಧವೇ, ಅಂದರೆ ಕಿಮೋಥೆರಪಿ. ಅರ್ಬುದದ ಗುಣವನ್ನು ಪರೀಕ್ಷಿಸಿ ಅದಕ್ಕೆ ತಕ್ಕಂತೆ ಟ್ರಾಸ್ಟುಜುಮಾಬ್ ಮೊದಲಾದ ಹೊಸ ಔಷಧಗಳನ್ನೂ ಕೂಡಿಸುವರು. ೨೦೧೬ರಲ್ಲಿ ಜಪಾನ, ಕೊರಿಯಾ, ಸಿಂಗಾಪುರಗಳ ವೈದ್ಯರು ೧೭೫ ರೋಗಿಗಳ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಅವರೆಲ್ಲರಿಗೂ ರೋಗವು ಯಕೃತ್ತು, ಒಳಪೊರೆ, ಮಹಾಧಮನಿಯ ಬದಿಯ ಗ್ರಂಥಿಗಳು ಇವುಗಳೊಳಗೆ ಒಂದು ಕಡೆ ಹಬ್ಬಿತ್ತು. ಅರ್ಧ ಜನಕ್ಕೆ ಔಷಧ ಮಾತ್ರ. ಉಳಿದರ್ಧಕ್ಕೆ ಮೊದಲು ಜಠರವನ್ನು ತೆಗೆದು ಬಳಿಕ ಔಷಧ. ಜಠರ ತೆಗೆದವರ ಆಯುಸ್ಸೇನೂ ಹೆಚ್ಚಲಿಲ್ಲ. ಮೂಲವನ್ನು ತೆಗೆದು ಹಬ್ಬಿದ್ದನ್ನು ಬಿಟ್ಟರೆ ಫಲವಿಲ್ಲವೆಂದಾಯಿತು.

ಮೊದಲು ಔಷಧ ಕೊಟ್ಟು, ರೋಗವು ಕುಗ್ಗಿದವರಿಗೆ ಮಾತ್ರ ಮೂಲವನ್ನೂ ಹಬ್ಬಿದ್ದನ್ನೂ ಎರಡನ್ನೂ ತೆಗೆದರೆ? ೨೦೧೭ರಲ್ಲಿ ಜರ್ಮನಿಯ ವೈದ್ಯರು, ಹೀಗೆ ಮಾಡಿಸಿಕೊಂಡವರು ಹೆಚ್ಚು ಕಾಲ ಬದುಕಿದರೆಂದು ಬರೆದಾಗ ಎಲ್ಲರಿಗೂ ಆಸೆ ಚಿಗುರಿತು. ಆದರೆ ಅಲ್ಲಿ ಶಸ್ತ್ರಕ್ರಿಯೆಗೆ ಆರಿಸಿದ್ದು ಮೊದಲೇ ಗಟ್ಟಿಯಾಗಿದ್ದವರನ್ನು. ಜಾಣ ಹುಡುಗರನ್ನಷ್ಟೇ ಪರೀಕ್ಷೆಗೆ ಕೂಡಿಸಿ ನಮ್ಮ ಶಾಲೆಯ ಫಲವು ಉತ್ತಮವೆಂದಂತೆ. ಆದುದರಿಂದ ಅದೇ ಜರ್ಮನರು ಚೀಟಿಯೆತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಮತ್ತೆ ಪರೀಕ್ಷಿಸಿದರು. ೨೦೨೪ರಲ್ಲಿ ಹೊರಬಿದ್ದ ಫಲವು ನಿರಾಶೆಯದು: ಒಟ್ಟಿನಲ್ಲಿ ಶಸ್ತ್ರಕ್ರಿಯೆಯಿಂದ ಆಯುಸ್ಸು ಬೆಳೆಯಲಿಲ್ಲ. ದೂರದ ರಸಗ್ರಂಥಿಗಳಿಗೆ ಮಾತ್ರ ಹಬ್ಬಿದ್ದವರಿಗೆ ಒಳಿತಾದಂತೆ ಕಂಡಿತು. ಒಳಪೊರೆಗೆ ಹಬ್ಬಿದ್ದವರಿಗೂ, ಔಷಧಕ್ಕೆ ಬಗ್ಗದವರಿಗೂ ಕೆಡುಕೇ ಆಯಿತು.

ಅಡ್ರೀನಲ್ ಒಂದಕ್ಕೇ ಹಬ್ಬಿದವರು ಎಷ್ಟು ವಿರಳವೆಂದರೆ, ಅವರಿಗೆಂದೇ ಇಂಥ ದೊಡ್ಡ ಪರೀಕ್ಷೆಯನ್ನು ನಡಿಸುವದು ಅಸಾಧ್ಯ. ಇರುವವು ಒಬ್ಬೊಬ್ಬ ರೋಗಿಯ ವೃತ್ತಾಂತಗಳು, ಹಲವು ಜಪಾನಿನವು. ಜಠರವನ್ನೂ ಗ್ರಂಥಿಯನ್ನೂ ತೆಗೆಯಿಸಿಕೊಂಡು ವರ್ಷಗಟ್ಟಲೆ ಬಾಳಿದವರ ವೃತ್ತಾಂತವು ಅಲ್ಲಿರುವದು. ನಾವು ಅವನ್ನೋದಿ ಹಿಗ್ಗಿದಾಗ, ನಮ್ಮ ಪರಿಚಯದ ಡಾಕ್ಟರರು ನಕ್ಕು, “ಮಾಸ್ತರರೆ, ಸೋತವರ ಕಥೆಯನ್ನು ಯಾರು ಅಚ್ಚು ಹಾಕಿಸುತ್ತಾರೆ?” ಎಂದರು. ಪಾಸಾದವರ ಹೆಸರುಗಳನ್ನಷ್ಟೇ ಹಲಗೆಯ ಮೇಲೆ ಬರೆಯುತ್ತಿದ್ದ ನಮಗೆ ಆ ಮಾತು ನೆಟ್ಟಿತು.

ಔಷಧವು ಎರಡು ವಾರಗಳಿಗೊಮ್ಮೆಯಂತೆ ನಡೆಯಿತು. ಕೂದಲುದುರಿತು, ಬೆರಳ ತುದಿಗಳು ಜುಮುಗುಟ್ಟಿದವು, ತಣ್ಣೀರು ಮುಟ್ಟಿದರೆ ಮುಳ್ಳು ಚುಚ್ಚಿದಂತಾಗುತ್ತಿತ್ತು. “ಹುಣ್ಣಿಗಿ ಇಷ್ಟ ಕಡಕ ಔಷಧ ಯಾಕ ಬೇಕ್ರೀ, ಮಾಸ್ತರ?” ಎಂದು ಅವರು ಒಮ್ಮೆ ನಮ್ಮ ಮುಖವನ್ನೇ ನೋಡುತ್ತ ಕೇಳಿದರು. ನಾವು ನದಿಯ ಕಡೆಗೆ ನೋಡಿದೆವು. ಕಾರ್ತಿಕದಲ್ಲಿ ಮತ್ತೆ ಸ್ಕ್ಯಾನ್ ಆಯಿತು. ಜಠರದ ಗಂಟು ಇಳಿದಿತ್ತು, ಅಡ್ರೀನಲ್ಲಿನದು ಅರ್ಧಕ್ಕೂ ಕಡಿಮೆಯಾಗಿತ್ತು, ಹೊಸದೇನೂ ಎಲ್ಲಿಯೂ ಇರಲಿಲ್ಲ. ಆಗ ಶಸ್ತ್ರವೈದ್ಯರು, ಔಷಧದ ವೈದ್ಯರು, ಸ್ಕ್ಯಾನ್ ನೋಡುವವರು ಕೂಡಿ ಕುಳಿತು ವಿಚಾರಿಸಿ, ಶಸ್ತ್ರಕ್ರಿಯೆಯನ್ನು ಮಾಡಬಹುದೆಂದರು, ಮಾಡಲೇಬೇಕೆಂದು ಹೇಳಲಿಲ್ಲ.

ಶಸ್ತ್ರವೈದ್ಯರು ತಂದೆಯವರನ್ನೇ ಮುಂದೆ ಕೂಡ್ರಿಸಿಕೊಂಡರು. ಮಗನು ಅಡ್ಡಬಂದಾಗ, ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡುವವರು ಇವರು, ಹೊಟ್ಟೆಯು ಇವರದು, ತಿಳಿಯದೆ ಸಹಿ ಮಾಡಿದರೆ ನಾನು ಚಾಕು ಹಿಡಿಯುವದಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಆಮೇಲೆ ಎಲ್ಲವನ್ನೂ ಹೇಳಿದರು: ಇದು ಕ್ಯಾನ್ಸರು; ಹಬ್ಬಿದೆ; ಔಷಧವನ್ನೇ ಮುಂದುವರಿಸುವದು ಒಂದು ದಾರಿ, ಕತ್ತರಿಸುವದು ಇನ್ನೊಂದು; ಕತ್ತರಿಸಿದರೂ ಮರಳಬಹುದು; ಶಸ್ತ್ರಕ್ರಿಯೆಯಲ್ಲಿಯೇ ಅಪಾಯವುಂಟು, ಹೊಲಿಗೆ ಸೋರಬಹುದು, ರಕ್ತ ಹೋಗಬಹುದು. ಆ ಗೃಹಸ್ಥರು ಬಹಳ ಹೊತ್ತು ಸುಮ್ಮನಿದ್ದು, ಮಗನಿಗೆ, “ನನಗ ಶ್ರಾವಣದಾಗ ಗೊತ್ತಿತ್ತೋ. ನೀವು ಅಂಜೀರಂತ ನಾ ಸುಮ್ಮನಿದ್ದೆ” ಎಂದರಂತೆ. ತಂದೆಯು ಮಕ್ಕಳಿಗಾಗಿ, ಮಕ್ಕಳು ತಂದೆಗಾಗಿ ಮೂರು ತಿಂಗಳು ಒಬ್ಬರಿಗೊಬ್ಬರು ನಾಟಕವಾಡಿದ್ದರು. ನಾವೂ ಆ ನಾಟಕದಲ್ಲಿ ಒಂದು ಪಾತ್ರವಾಗಿದ್ದೆವು. ಅವರು ಮನೆಗೆ ಹೋಗಿ ನಾಲ್ಕು ದಿನ ವಿಚಾರ ಮಾಡಿ, ಹೊಲದ ಹಂಚಿಕೆಯ ಕಾಗದಗಳನ್ನು ಬರೆಸಿಟ್ಟು, ಕತ್ತರಿಸಿರೆಂದು ತಾವೇ ಹೇಳಿದರು.

ಮಾರ್ಗಶಿರದಲ್ಲಿ ಶಸ್ತ್ರಕ್ರಿಯೆಯಾಯಿತು; ಬೆಳಿಗ್ಗೆ ಒಳಗೆ ಹೋದವರು ಮಧ್ಯಾಹ್ನ ಹೊರಳಿದ ಮೇಲೆ ಹೊರಗೆ ಬಂದರು. ಜಠರದ ಕೆಳಗಿನ ಮುಕ್ಕಾಲು ಭಾಗವನ್ನೂ ಅದರ ಸುತ್ತಣ ರಸಗ್ರಂಥಿಗಳನ್ನೂ ತೆಗೆದು, ಉಳಿದ ಮೇಲ್ಭಾಗವನ್ನು ಕರುಳಿಗೆ ಜೋಡಿಸಿದರು. ಬಳಿಕ ಗುಲ್ಮವನ್ನೂ ಮೇದೋಜೀರಕ ಗ್ರಂಥಿಯನ್ನೂ ಮೆಲ್ಲಗೆ ಎತ್ತಿ ಸರಿಸಿ, ಹಿಂದಿದ್ದ ಎಡ ಅಡ್ರೀನಲ್ ಗ್ರಂಥಿಯನ್ನು ಅದರ ಸುತ್ತಣ ಕೊಬ್ಬಿನೊಡನೆ ಇಡಿಯಾಗಿ ತೆಗೆದರು. ಎಡಗಡೆಯದಾದದ್ದು ಒಂದು ಅನುಕೂಲವೇ. ಬಲಗಡೆಯ ಗ್ರಂಥಿಯ ರಕ್ತನಾಳವು ಬಲು ಮೋಟಾಗಿ ನೇರವಾಗಿ ಮಹಾಸಿರೆಗೇ ಸೇರುವದು. ಅದು ಹರಿದರೆ ರಕ್ತವನ್ನು ನಿಲ್ಲಿಸುವದು ಕಷ್ಟ. ಎಡಗಡೆಯ ನಾಳವು ಉದ್ದವಾಗಿ ಮೂತ್ರಪಿಂಡದ ಸಿರೆಗೆ ಸೇರುವದರಿಂದ ಕಟ್ಟುವದಕ್ಕೆ ಎಡೆಯುಂಟು. ಗ್ರಂಥಿಯೊಂದನ್ನೇ ತೆಗೆಯುವದಿದ್ದರೆ ಸಣ್ಣ ರಂಧ್ರಗಳಿಂದ ದುರ್ಬೀನಿನ ಸಹಾಯದಿಂದಲೇ ತೆಗೆಯುವ ಪದ್ಧತಿಯು ೧೯೯೨ರಿಂದ ಬಂದಿರುವದು. ಇವರಿಗೆ ಎರಡು ಕೆಲಸಗಳಿದ್ದುದರಿಂದ ಹೊಟ್ಟೆಯನ್ನು ತೆರೆದೇ ಮಾಡಿದರು. ಬಲಗಡೆಯ ಗ್ರಂಥಿಯು ಉಳಿದದ್ದರಿಂದ ಗುಳಿಗೆಯ ಹಂಗಿಲ್ಲ.

ಮನೆಯ ಹೆಣ್ಣುಮಕ್ಕಳ ಕೆಲಸವು ಅನಂತರ ಸುರುವಾಯಿತು. ಜಠರವೆಂಬುದು ಉಗ್ರಾಣ, ಅದು ಕಿರಿದಾದ ಮೇಲೆ ಎರಡು ಹೊತ್ತಿನ ಊಟವು ನಡೆಯದು. ದಿನಕ್ಕೆ ಆರು ಸಲ, ಒಂದೊಂದು ಸಲಕ್ಕೆ ಒಂದು ಹಿಡಿ. ಊಟದ ನಡುವೆ ನೀರು ಬೇಡ, ಅರ್ಧ ತಾಸು ಬಿಟ್ಟು ಕುಡಿಯಬೇಕು. ಪಾಯಸ, ಕಬ್ಬಿನ ಹಾಲು, ಬೆಲ್ಲದ ಪಾನಕಗಳು ನೇರವಾಗಿ ಕರುಳಿಗಿಳಿದು ಬೆವರು, ಎದೆಬಡಿತ, ತಲೆಸುತ್ತುಗಳನ್ನು ತರುವವು. ಆದ್ದರಿಂದ ಸಿಹಿಗೆ ಕಡಿವಾಣ. ಬೇಳೆಯ ಕಟ್ಟು, ಮೊಸರು, ತತ್ತಿ ತಿನ್ನುವವರಿಗೆ ತತ್ತಿ, ಮೆತ್ತಗೆ ಬೆಂದ ನವಣೆಯ ಅನ್ನ. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ. ಸೊಸೆಯು ರೊಟ್ಟಿಯನ್ನು ಬಡಿದು, ನಾಲ್ಕು ಭಾಗ ಮಾಡಿ, ಕಾಲು ರೊಟ್ಟಿಯನ್ನು ತಟ್ಟೆಯಲ್ಲಿಟ್ಟು ಗಡಿಯಾರ ನೋಡುತ್ತ ನಿಂತದ್ದನ್ನು ನಾವು ಕಂಡಿದ್ದೇವೆ. ಬಿ೧೨ ಎಂಬ ಜೀವಸತ್ವವನ್ನು ಮೈಯು ಹೀರಿಕೊಳ್ಳಬೇಕಾದರೆ ಜಠರದ ರಸವು ಬೇಕು. ಇಡಿಯ ಜಠರ ಹೋದವರು ಬದುಕಿರುವತನಕ ಅದರ ಸೂಜಿಯನ್ನು ತಪ್ಪದೆ ಚುಚ್ಚಿಸಿಕೊಳ್ಳಬೇಕು, ಭಾಗ ಹೋದವರು ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಇಲ್ಲದಿದ್ದರೆ ಎರಡು ಮೂರು ವರ್ಷಗಳ ಮೇಲೆ ರಕ್ತಹೀನತೆಯೂ ಕಾಲುಗಳಿಗೆ ಜೋಮೂ ಬಂದಾಗ ಕಾರಣವು ಯಾರಿಗೂ ನೆನಪಿರುವದಿಲ್ಲ.

ಈ ರೋಗವು ಏಕೆ ಬಂತೆಂದು ಆ ಮನೆಯವರು ಕೇಳಿದರು. ಒಬ್ಬನಿಗೆ ಏಕೆ ಬಂತೆಂದು ಹೇಳಲಾಗದು. ಜಠರದಲ್ಲಿ ವಾಸಮಾಡುವ ಹೆಲಿಕೋಬ್ಯಾಕ್ಟರ್ ಎಂಬ ಕ್ರಿಮಿಯು ಹುಣ್ಣಿಗೂ ಅರ್ಬುದಕ್ಕೂ ದಾರಿ ಮಾಡುವದೆಂದು ಗೊತ್ತಾಗಿರುವದು. ಅದನ್ನು ಕಂಡುಹಿಡಿದ ಆಸ್ಟ್ರೇಲಿಯಾದ ಮಾರ್ಷಲ್ ಮತ್ತು ವಾರೆನ್ನರಿಗೆ ೨೦೦೫ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಎರಡು ವಾರಗಳ ಗುಳಿಗೆಗಳಿಂದ ಅದನ್ನು ಹೆಚ್ಚಾಗಿ ಹೋಗಲಾಡಿಸಬಹುದು. ಅತಿಯಾದ ಉಪ್ಪೂ, ಹೊಗೆಸೊಪ್ಪೂ ಕಾರಣಗಳೊಳಗೆ ಸೇರಿರುವವು. ಬೀಡಿಯ ಹೊಗೆಯು ಪುಪ್ಪುಸಕ್ಕೆ ಮಾತ್ರ ಕೇಡೆಂದು ಜನರು ತಿಳಿದಿರುವರು. ಅದು ಜಠರವನ್ನೂ ಬಿಡದು. ನಿಪ್ಪಾಣಿಯ ಸೀಮೆಯ ನಾವು ಈ ಮಾತನ್ನು ಬರೆಯುವಾಗ ಲೇಖನಿಯು ತಡೆಯುವದು. ಆ ಬೆಳೆಯಿಂದ ಎಷ್ಟೋ ಮನೆಗಳ ಮಾಳಿಗೆಗಳು ಎದ್ದಿವೆ; ೧೯೮೧ರಲ್ಲಿ ಅದರ ಬೆಲೆಗಾಗಿ ನಮ್ಮ ರೈತರು ಬೀದಿಗಿಳಿದು ಪ್ರಾಣವನ್ನೂ ಕೊಟ್ಟರು. ನಮ್ಮ ಶಾಲೆಯಲ್ಲಿ ಫೀ ತುಂಬುತ್ತಿದ್ದ ಹುಡುಗರ ಕೈಯ ನೋಟುಗಳಿಗೂ ಅದೇ ವಾಸನೆಯಿರುತ್ತಿತ್ತು.

ಶಸ್ತ್ರಕ್ರಿಯೆಯ ಬಳಿಕ ಮತ್ತೆ ಎರಡು ತಿಂಗಳು ಔಷಧವು ನಡೆಯಿತು. ತೆಗೆದ ಗ್ರಂಥಿಯನ್ನು ಪರೀಕ್ಷಿಸಿದಾಗ ಅದರಲ್ಲಿ ಜಠರದ ಅರ್ಬುದವೇ ಇತ್ತೆಂದು ಸಿದ್ಧವಾಯಿತು. ಬಹುಭಾಗವು ಔಷಧದಿಂದ ಸತ್ತಿತ್ತು, ಸ್ವಲ್ಪ ಜೀವಂತವಿತ್ತು. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಆಗುವದು. ಇದುವರೆಗೆ ಎರಡು ಸಲ ಶುದ್ಧವಾಗಿ ಬಂದಿರುವದು. ಮೂರನೆಯದು ಬರುವ ತಿಂಗಳು. ಆ ದಿನವು ಹತ್ತಿರವಾದಂತೆ ಮನೆಯಲ್ಲಿ ಮಾತು ಕಡಿಮೆಯಾಗುವದೆಂದು ಮಗನು ಹೇಳುವನು.

ಮೊನ್ನೆ ಅವರು ಗುಡಿಯ ಕಟ್ಟೆಗೆ ತಾವೇ ನಡೆದು ಬಂದರು. ಅಂಗಿಯು ಇನ್ನೂ ಸಡಿಲಾಗಿಯೇ ಇದೆ. ಹೊಸದನ್ನು ಹೊಲಿಸಿಕೊಳ್ಳಿರೆಂದರೆ, “ಸ್ಕ್ಯಾನ್ ಆಗಲ್ರಿ” ಎನ್ನುತ್ತಾರೆ. ಸೇತುವೆಯ ಮೇಲಿನ ನೀರು ಇಳಿದಿತ್ತು. ಹತ್ತು ಗಂಟೆಯಾದೊಡನೆ ಜೇಬಿನಿಂದ ಅರಿವೆಯಲ್ಲಿ ಸುತ್ತಿದ ಕಾಲು ರೊಟ್ಟಿಯನ್ನು ತೆಗೆದು, ಅದರಲ್ಲೊಂದು ತುಣುಕನ್ನು ಮುರಿದು ನಮಗೂ ಕೊಟ್ಟು, “ಮಾಸ್ತರ, ಈ ಸಲ ಚೂರ್ಣ ಬ್ಯಾಡ್ರಿ” ಎಂದು ನಕ್ಕರು.